ಅತ್ತೆಯ ಎಡಗಾಲು

ವೆನಿಂಗಳ ಅಡುಗೆಮನೆಯಲ್ಲಿ ಬೆಟ್ಟ ದಿನವಿಡೀ ಸಿಳ್ಳೆ ಹಾಕುತ್ತಿತ್ತು.

ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ್ದ ಕೈರೇಡಿಯೊದಿಂದ ಬರುತ್ತಿದ್ದ ಸದ್ದು ಅದು. ಬೆಟ್ಟದ ಮೈಯಲ್ಲಿ ನಾಲ್ಕು ಕಡೆ ಕಂಪನಮಾಪಕಗಳನ್ನು ಹೂತಿಟ್ಟಿದ್ದಾರೆ. ನೆಲದ ಅಲುಗಾಟವನ್ನು ಅವು ಸಿಳ್ಳೆಯಾಗಿ ಮಾಡಿ ಗಾಳಿಗೆ ಬಿಡುತ್ತವೆ; ಮೇಲಿನ ಕಾವಲು ಮನೆಯಲ್ಲಿ ಆ ಸಿಳ್ಳೆ ಸೂಜಿಯ ತುದಿಗೆ ಬಂದು, ತಿರುಗುವ ಉರುಳೆಯ ಕಾಗದದ ಮೇಲೆ ಗೆರೆಯಾಗುತ್ತದೆ. ರೇಡಿಯೊ ಇದ್ದವರು ಯಾರು ಬೇಕಾದರೂ ಅದನ್ನು ಹಿಡಿದು ಕೇಳಬಹುದು. ಆ ಇಳಿಜಾರಿನ ಊರುಗಳಲ್ಲಿ ಬಹಳ ಮನೆಗಳಲ್ಲಿ ಕೇಳುತ್ತಾರೆ ಕೂಡ. ಬೆಟ್ಟ ಸುಮ್ಮನಿದ್ದರೆ ಸಿಳ್ಳೆ ಒಂದೇ ಸಮ ಇರುತ್ತದೆ. ಒಳಗೆ ಏನಾದರೂ ಮಿಸುಕಿದರೆ ಸಿಳ್ಳೆ ನಡುಗುತ್ತದೆ, ಒಲೆ ಊದುತ್ತಿದ್ದವರು ಅಲ್ಲೇ ಕೈ ನಿಲ್ಲಿಸುತ್ತಾರೆ.

ಬೆಟ್ಟದ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಹಿರಿಯರನ್ನು ಯಾರಾದರೂ ಹೆಸರು ಹಿಡಿದು ಕೂಗುತ್ತಾರೆಯೇ? ಅಜ್ಜ ಎನ್ನುತ್ತಾರೆ. ಅಜ್ಜ ಬೆಂಕಿ ಕಾರಿದ ಎಂದು ಹೇಳುವುದೂ ಮರ್ಯಾದೆಯಲ್ಲ. ಅಜ್ಜನ ಮನೆಯಲ್ಲಿ ಸಮಾರಂಭ ಎನ್ನಬೇಕು. ಓದಿಕೊಂಡ ವೆನಿಂಗ್ ಕೂಡ ಕಚೇರಿಯ ವರದಿಯಲ್ಲಿ ಒಂದು ಬರೆದು, ಮನೆಗೆ ಬಂದರೆ ಇನ್ನೊಂದು ಹೇಳುತ್ತಿದ್ದಳು.

ಆ ಕಾವಲು ಮನೆಯ ಐದು ವೀಕ್ಷಕರಲ್ಲಿ ಅವಳೊಬ್ಬಳೇ ಹೆಂಗಸು. ಒಂಬತ್ತು ವರ್ಷದ ನೌಕರಿ. ಅಜ್ಜ ಹೆಂಗಸಿನ ಕೈಗೆ ನಾಡಿ ಕೊಡುವುದಿಲ್ಲ ಎಂದು ಮೊದಲಲ್ಲಿ ಮೂಗು ಮುರಿದವರೇ, ಈಗ ಅಂಗಳಕ್ಕೆ ಚಿಟಿಕೆ ಬೂದಿ ಬಿದ್ದರೂ ಅವಳಿಗೇ ಫೋನ್ ಮಾಡುತ್ತಿದ್ದರು. ಬೆಟ್ಟದ ಎತ್ತರಕ್ಕೂ ಆ ಗೆರೆಗಳ ಸಣ್ಣತನಕ್ಕೂ ಇರುವ ಅಂತರ ಅವಳನ್ನು ಇವತ್ತಿಗೂ ಬೆರಗುಗೊಳಿಸುತ್ತಿತ್ತು. ಅಷ್ಟು ದೊಡ್ಡ ಜೀವ, ಅದರ ಮನಸ್ಸಿನಲ್ಲಿರುವುದು ಕೂದಲೆಳೆಯಷ್ಟು ಶಾಯಿಯಲ್ಲಿ ಬರುತ್ತದಲ್ಲ ಎಂದು.

ಆದರೆ ಪಾಳಿ ಎಂದರೆ ಇಪ್ಪತ್ನಾಲ್ಕು ಗಂಟೆ. ಮಗಳು ಕಿನಾಸಿಹ್ ಹುಟ್ಟಿ, ಮೂರು ತಿಂಗಳ ಹೆರಿಗೆ ರಜೆ ಮುಗಿದು ಮೊದಲ ಪಾಳಿಗೆ ಹೋದ ದಿನ ಅವಳು ಎರಡು ಗಂಟೆಗೊಮ್ಮೆ ಹಾಲು ಹಿಂಡಿ, ಬಾಟಲಿಗೆ ತುಂಬಿ, ಕಾವಲು ಮನೆಯ ಪುಟ್ಟ ಫ್ರಿಜ್ಜಿನಲ್ಲಿ ಸಹೋದ್ಯೋಗಿ ಬಗ್ಯೊನ ಕರಿದ ತೆಂಪೆ, ಅಂದರೆ ಹುದುಗಿಸಿದ ಸೋಯಾ ಬಿಲ್ಲೆಯ, ಡಬ್ಬಿಯ ಪಕ್ಕ ಇಟ್ಟಳು. ಮರುದಿನ ಮನೆಗೆ ಬಂದರೆ ಮಗು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತ್ತು. ಹೀಗೇ ಒಂದು ತಿಂಗಳು ಕಳೆಯಿತು. ಕೇಂದ್ರ ಕಚೇರಿಯವರು ದಯೆ ತೋರುವ ದನಿಯಲ್ಲಿ, ಬೇಕಿದ್ದರೆ ನಗರಕ್ಕೆ ಬಂದುಬಿಡಿ, ಕುರ್ಚಿಯ ಕೆಲಸ ಕೊಡುತ್ತೇವೆ, ವರದಿ ಟೈಪು ಮಾಡಿಕೊಂಡಿರಿ ಎಂದರು. ಗಂಡ ಸಪ್ತೊ ದಿನಕ್ಕೆರಡು ಸಲ ಊರಿನ ಹಾಲನ್ನು ಲಾರಿಯಲ್ಲಿ ತಪ್ಪಲಿಗೆ ಸಾಗಿಸುವವನು. ಅವನಿಗೆ ನಗರದಲ್ಲಿ ಏನು ಕೆಲಸ? ಅವಳಿಗೂ ಬೆಟ್ಟ ಕಾಣದ ಕಿಟಕಿಯ ಪಕ್ಕ ಏನು ಕೆಲಸ?

ಮಗುವನ್ನೇ ಮೇಲಕ್ಕೆ ಒಯ್ಯೋಣವೆಂದರೆ ಅತ್ತೆ ತುಮಿನಾಹ್ ಬಿಡುವ ಮಾತೇ ಇಲ್ಲ. ಅಲ್ಲಿಯ ಪಂಚಾಂಗದಲ್ಲಿ ಮೂವತ್ತೈದು ದಿನಕ್ಕೊಮ್ಮೆ ಸುತ್ತಿ ಬರುವ ಹುಟ್ಟುದಿನ ಏಳನೇ ಸಲ ಬರುವವರೆಗೂ ಮಗುವಿನ ಪಾದ ನೆಲ ಮುಟ್ಟಬಾರದು. ಆ ದಿನ ಶಾಸ್ತ್ರ ಮಾಡಿ, ಏಳು ಬಣ್ಣದ ಅಂಟಕ್ಕಿ ಕಡುಬಿನ ಮೇಲೆ ಕಾಲಿಡಿಸಿ, ಆಮೇಲೆ ಮಣ್ಣಿಗೆ ಇಳಿಸಬೇಕು. ಅಲ್ಲಿಯತನಕ ಮಗು ಜೋಲಿಯಲ್ಲೇ ಇರಬೇಕು, ಮತ್ತು ಅತ್ತೆಯ ಹುಲ್ಲುಗಾವಲಿನ ತಡಿಕೆ ದಾಟಿ ಅಜ್ಜನ ಕಡೆಗೆ ಒಂದು ಹೆಜ್ಜೆಯೂ ಹೋಗಕೂಡದು. ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದರೆ ವೆನಿಂಗ್ ಇಲ್ಲ ಎನ್ನುತ್ತಿದ್ದಳು. ಹಾಗೆಂದು ಮಗುವನ್ನು ನೆಲಕ್ಕೆ ಬಿಟ್ಟೂ ಇರಲಿಲ್ಲ.

ಕೊನೆಗೆ ಅವಳು ಕಾವಲು ಮನೆಯ ಮುಖ್ಯಸ್ಥ, ಎಲ್ಲರೂ ಮರ್ಯಾದೆಗೆ ಪಾಕ್ ಎನ್ನುವ ಮರ್ಸುದಿಯವರ ಮುಂದೆ ಒಂದು ಅರ್ಜಿ ಇಟ್ಟಳು. ವಾರದ ಎರಡು ಪಾಳಿಯಲ್ಲಿ ಒಂದನ್ನು ಮನೆಯಿಂದಲೇ ಮಾಡುತ್ತೇನೆ, ರೇಡಿಯೊ ಕೇಳಿ ಪ್ರತಿ ಕಂಪನವನ್ನೂ ಪುಸ್ತಕದಲ್ಲಿ ಬರೆದು ಫೋನಿನಲ್ಲಿ ತಿಳಿಸುತ್ತೇನೆ ಎಂದು. ಮೂವತ್ತೆರಡು ವರ್ಷ ಗೆರೆ ಓದಿದ ಮನುಷ್ಯ ಅವರು. ನಗುವುದನ್ನು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ ಎಂದು ಬಗ್ಯೊ ಹಿಂದಿನಿಂದ ಆಡಿಕೊಳ್ಳುತ್ತಿದ್ದ. ಅರ್ಜಿಯನ್ನು ಎರಡು ಸಲ ಓದಿ, ಮಡಿಸಿ, ಅವಳ ಕೈಗೇ ಕೊಟ್ಟರು.

"ಕಿವಿ ಉಪಕರಣ ಅಲ್ಲಮ್ಮ," ಎಂದರು.

ಅವರ ಮಾತು ಸುಳ್ಳಾಗಲು ಒಂಬತ್ತೇ ದಿನ ಸಾಕಾಯಿತು. ಅವತ್ತು ಅವಳಿಗೆ ರಜೆ. ಬೆಳಗಿನ ಬಿಸಿಲಿನಲ್ಲಿ ಮಗುವಿಗೆ ಹಾಲು ಕೊಡುತ್ತಾ ಕೂತಿದ್ದಳು. ಮೊಳೆಯ ಮೇಲಿನ ರೇಡಿಯೊ ಮೂರನೇ ಠಾಣೆಯ ಸಿಳ್ಳೆ ಹಾಕುತ್ತಿತ್ತು. ಮೂರನೇ ಠಾಣೆ ಎಂದರೆ ಅವರ ಊರಿನ ನೆತ್ತಿಯ ಮೇಲೆಯೇ, ಅತ್ತೆಯ ಹುಲ್ಲುಗಾವಲಿನ ಮೇಲಂಚಿನಲ್ಲಿ, ಕಾಂಕ್ರೀಟು ಗುಂಡಿಯಲ್ಲಿ ಹೂತಿಟ್ಟ ಡಬ್ಬಿ. ಇದ್ದಕ್ಕಿದ್ದಂತೆ ಸಿಳ್ಳೆ ತುಂಡು ತುಂಡಾಯಿತು. ಒಂದು ಭಾರ, ಒಂದು ಹಗುರ. ಒಂದು ಭಾರ, ಒಂದು ಹಗುರ. ಸ್ವಲ್ಪ ನಿಲ್ಲುವುದು, ಮತ್ತೆ ಶುರು.

ಅದೇ ಹೊತ್ತಿಗೆ ಮೇಲೆ ಪಾಳಿಯಲ್ಲಿದ್ದ ಬಗ್ಯೊನ ಕೈಯಲ್ಲಿ ತೆಂಪೆ ಹಾಗೇ ಉಳಿಯಿತು. ಅರ್ಧ ಗಂಟೆಯಲ್ಲಿ ಅರವತ್ತೆರಡು ಕಂಪನ, ಎಲ್ಲವೂ ಮೇಲ್ಪದರದ್ದು, ಎಲ್ಲವೂ ಒಂದೇ ಠಾಣೆಯಲ್ಲಿ. ಗೆರೆಯನ್ನು ನೋಡಿದರೆ ಊರಿನ ಬೆನ್ನ ಹಿಂದೆಯೇ ಬೆಟ್ಟ ಬಿರಿಯುತ್ತಿರುವ ಹಾಗಿತ್ತು. ಅವನು ಜಿಲ್ಲಾ ಕಚೇರಿಗೆ ಫೋನ್ ಹಚ್ಚಲು ಕೈ ಚಾಚುವಷ್ಟರಲ್ಲಿ ಆ ಫೋನೇ ಹೊಡೆದುಕೊಂಡಿತು.

"ಪಾಕ್, ಯಾರಿಗೂ ಹೇಳಬೇಡಿ," ಎಂದಳು ವೆನಿಂಗ್. "ಅದು ಅಜ್ಜ ಅಲ್ಲ. ನಮ್ಮತ್ತೆ."

"ಏನು?"

"ಕೆಳಗಿನ ಹುಲ್ಲು ಮುಗೀತು ಅಂತ ನಮ್ಮತ್ತೆ ಇವತ್ತು ಗುಂಡಿ ಹತ್ರಾನೇ ಹುಲ್ಲು ಕೊಯ್ತಿದ್ದಾರೆ. ಎಡಗಾಲು ಸ್ವಲ್ಪ ಎಳೀತಾರೆ, ಕೇಳಿಸ್ಕೊಳಿ. ಏಳು ವರ್ಷದಿಂದ ಇದೇ ಸದ್ದಿಗೆ ಎದ್ದು ಕೂತಿದೀನಿ ನಾನು."

ಬಗ್ಯೊ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಆದರೆ ಹುಲ್ಲಿನ ಹೊರೆ ಇಳಿಸಿ ಒಳಬಂದ ತುಮಿನಾಹ್ ನಗಲಿಲ್ಲ. ನೀವು ಎಂಟೂವರೆಗೆ ತಡಿಕೆ ದಾಟಿದಿರಿ, ಮೂರು ಸಲ ಸುಧಾರಿಸಿಕೊಂಡಿರಿ, ಒಮ್ಮೆ ಗುಂಡಿಯ ಪಕ್ಕದಲ್ಲೇ ಕುಡುಗೋಲು ಮಸೆದಿರಿ ಎಂದು ಸೊಸೆ ಒಂದೊಂದಾಗಿ ಹೇಳುತ್ತಾ ಹೋದಂತೆ ಮುದುಕಿ ಮೆಲ್ಲಗೆ ಚಾಪೆಯ ಮೇಲೆ ಕೂತು, ಎಡಮೊಣಕಾಲಿನ ಮೇಲೆ ಕೈಯಿಟ್ಟುಕೊಂಡಳು.

"ಆ ಡಬ್ಬಿಗೆ ನನ್ನ ಕಾಲು ಗೊತ್ತಾ?" ಎಂದು ಕೇಳಿದಳು.

ಮೂರು ದಿನ ಬಿಟ್ಟು ಪಾಕ್ ಮರ್ಸುದಿ ತಮ್ಮ ಹಳೇ ಬೈಕಿನಲ್ಲಿ ಮನೆಗೇ ಬಂದರು. ಅಡುಗೆಮನೆಯ ಮಣೆಯ ಮೇಲೆ ಕೂತು, ರೇಡಿಯೊಗೆ ಬೆನ್ನು ಹಾಕಿ, ಬೆಲ್ಲದ ಕಾಫಿ ಕುಡಿಯುತ್ತಾ ಎರಡು ಗಂಟೆ ಸುಮ್ಮನೆ ಕೇಳಿದರು. ವೆನಿಂಗ್ ಮಗುವನ್ನು ಜೋಲಿಯಲ್ಲಿ ತೂಗುತ್ತಲೇ ಹೇಳುತ್ತಾ ಹೋದಳು. ಇದು ಕಲ್ಲು ಉರುಳಿದ್ದು. ಇದು ಒಳಗಿನದು, ಆಳದ್ದು. ಇದು ಗಾಳಿ, ಮರದ ಬೇರು ಅಲ್ಲಾಡಿತು. ಇದು ಯಾರದೋ ಆಡು. ಅವರು ಗಡಿಯಾರ ನೋಡಿ ನೋಡಿ ಬರೆದುಕೊಂಡರು. ಕಾವಲು ಮನೆಗೆ ಹೋಗಿ ಉರುಳೆಯ ಕಾಗದದ ಪಕ್ಕ ಇಟ್ಟು ನೋಡಿದಾಗ ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಸರಿ ಬಂದಿತ್ತು. ತಪ್ಪಿದ ಎರಡನ್ನು ಕಾಗದ ನೋಡಿ ಹೇಳಲು ತಮಗೂ ಆಗಲಿಲ್ಲ ಎಂಬುದನ್ನು ಅವರು ಬಗ್ಯೊಗೆ ಮಾತ್ರ ಹೇಳಿದರು. ಮರುದಿನ ಅರ್ಜಿಯನ್ನು ವಾಪಸು ಕೇಳಿ ಸಹಿ ಹಾಕಿದರು. ಒಂದೇ ಷರತ್ತು: ಅಜ್ಜ ಎದ್ದರೆ, ಎಚ್ಚರಿಕೆಯ ಹಂತ ಏರಿದರೆ, ಮನೆ ಪಾಳಿ ರದ್ದು, ಐವರೂ ಮೇಲೆ.

ಆಮೇಲಿನ ಮೂರು ತಿಂಗಳನ್ನು ವೆನಿಂಗ್ ಬದುಕಿನ ಭಾಗ್ಯವೆಂದೇ ಎಣಿಸಿದಳು. ಮಗುವಿನ ಉಸಿರೂ ಬೆಟ್ಟದ ಉಸಿರೂ ಒಂದೇ ಕೋಣೆಯಲ್ಲಿ. ಮಗು ಸಿಳ್ಳೆ ಕೇಳುತ್ತಲೇ ನಿದ್ದೆ ಹೋಗುತ್ತಿತ್ತು. ರೇಡಿಯೊ ಬ್ಯಾಟರಿ ಮುಗಿದರೆ ಎದ್ದು ಅಳುತ್ತಿತ್ತು. ಅತ್ತೆಯೂ ಒಲೆ ಮುಂದೆ ಕೂತು ಕಿವಿ ಕೊಡುವುದನ್ನು ಕಲಿತಳು. ಓದು ಬರಹ ಬಾರದ ಮುದುಕಿ, ಸೊಸೆ ಬಟ್ಟೆ ಒಗೆಯಲು ಹೋದರೆ ಕೂಗಿ ಹೇಳುತ್ತಿದ್ದಳು, ಕಲ್ಲು ಬಿತ್ತು ಕಣೆ, ಬರ್ಕೋ ಎಂದು. ಮುಕ್ಕಾಲು ಪಾಲು ಅದು ಕಲ್ಲೇ ಆಗಿರುತ್ತಿತ್ತು.

ಶಾಸ್ತ್ರದ ದಿನಕ್ಕೆ ಎಂಟು ದಿನ ಇರುವಾಗ ಅಜ್ಜ ಎದ್ದು ಕೂತ.

ಮೊದಲು ಆಳದಲ್ಲಿ ದಿನಕ್ಕೆ ಹತ್ತು, ಆಮೇಲೆ ಮೂವತ್ತು, ಆಮೇಲೆ ಎಂಬತ್ತು. ಹಂತ ಒಂದರಿಂದ ಎರಡಕ್ಕೇರಿತು. ತುದಿಯ ಸುತ್ತ ಮೂರು ಕಿಲೋಮೀಟರು ಯಾರೂ ಹೋಗಬಾರದೆಂದು ಡಂಗುರವಾಯಿತು. ಊರೂ ಅದರ ಹುಲ್ಲುಗಾವಲೂ ಅದಕ್ಕಿಂತ ಕೆಳಗಿದ್ದವು, ಆದರೂ ಜನ ದನಕರುಗಳ ಹಗ್ಗ ಸಡಿಲಿಸಿಟ್ಟುಕೊಂಡರು. ಕೇಂದ್ರ ಕಚೇರಿಯಿಂದ ಕಾಗದ ಬಂತು: ಮನೆ ಪಾಳಿಯೆಂಬುದು ಈ ಕೂಡಲೇ ನಿಲ್ಲಬೇಕು, ಗೈರುಹಾಜರಾದವರ ಜಾಗಕ್ಕೆ ಬೇರೆಯವರನ್ನು ಹಾಕಲಾಗುವುದು. ಪಾಕ್ ಮರ್ಸುದಿ ಅದನ್ನು ಗೋಡೆಗೆ ಅಂಟಿಸಲಿಲ್ಲ, ಅವಳಿಗೆ ತೋರಿಸಿ ಮೇಜಿನ ಖಾನೆಗೆ ಹಾಕಿಕೊಂಡರು. ಐವರೂ ಮೇಲೆಯೇ ಉಳಿದು ಸೂಜಿಗಳ ಮುಂದೆ ಸರದಿಯಲ್ಲಿ ಕೂರತೊಡಗಿದರು; ಬುಧವಾರ ಬೆಳಗಿನ ಪಾಳಿ ಅವಳದು. ಮಗಳ ಪಾದ ನೆಲ ಮುಟ್ಟಬೇಕಾದದ್ದೂ ಅದೇ ಬುಧವಾರ ಬೆಳಗ್ಗೆ.

ಮಂಗಳವಾರ ಮಧ್ಯಾಹ್ನ ಎರಡು ಗಂಟೆಯ ಬಿಡುವು ಕೇಳಿಕೊಂಡು ಅವಳು ಮನೆಗೆ ಬಂದಾಗ ಅತ್ತೆ ಅಕ್ಕಿ ಕಡುಬಿಗೆ ಬಣ್ಣ ಕಲಸುತ್ತಿದ್ದಳು. ಮೂಲೆಯಲ್ಲಿ ಕಬ್ಬಿನ ಜಲ್ಲೆಯ ಏಣಿ ಸಿದ್ಧವಾಗಿ ನಿಂತಿತ್ತು. ಮಗುವನ್ನು ಕೂರಿಸುವ ಹೊಸ ಕೋಳಿಬುಟ್ಟಿಗೆ ಹೂವು ಸುತ್ತಿಯಾಗಿತ್ತು. ವೆನಿಂಗ್ ವಿಷಯ ಹೇಳಿದಳು. ದಿನ ಮುಂದೂಡುವ ಹಾಗಿರಲಿಲ್ಲ. ಮಗುವಿನ ಹುಟ್ಟುದಿನ ಮತ್ತೆ ಬರಲು ಮೂವತ್ತೈದು ದಿನ, ಅದು ಏಳನೆಯದೂ ಅಲ್ಲ.

"ನೆಲ ಮುಟ್ಸೋದು ಒಂದೇ ಸಲ ಕಣೆ," ಎಂದಳು ತುಮಿನಾಹ್, ಕಡುಬಿನಿಂದ ಕಣ್ಣೆತ್ತದೆ. "ಎರಡನೇ ಸಲ ಮುಟ್ಟಿದ್ರೆ ಅದು ಬರೀ ನಡಿಗೆ. ತಾಯಿ ಕೈ ಹಿಡ್ಕೋಬೇಕು."

"ಗೊತ್ತು, ಬು," ಎಂದಳು ವೆನಿಂಗ್. ಅತ್ತೆಯನ್ನು ಅವಳು ಅಮ್ಮ ಎಂಬ ಅರ್ಥದಲ್ಲಿ ಹಾಗೇ ಕರೆಯುತ್ತಿದ್ದಳು.

"ಗೊತ್ತಿದ್ರೆ ಹೋಗಬೇಡ. ಆ ಬಗ್ಯೊ ಇಲ್ವಾ, ತಿಂದು ತಿಂದು ಕೂತಿರ್ತಾನೆ, ಅವನು ನೋಡ್ಲಿ."

"ಬಗ್ಯೊ ನಿಮ್ಮ ಕಾಲನ್ನ ಅಜ್ಜ ಅಂದ್ಕೊಂಡಿದ್ದ. ನಾಳೆ ಅಜ್ಜನ್ನ ನಿಮ್ಮ ಕಾಲು ಅಂದ್ಕೊಂಡ್ರೆ?"

ಅತ್ತೆಯ ಕೈ ನಿಂತಿತು. ಆ ಕಾಲಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಮೂವತ್ತನಾಲ್ಕು ವರ್ಷದ ಹಿಂದೆ ಅಜ್ಜನ ಮನೆಯ ಸಮಾರಂಭಕ್ಕೆ ಊರಿಗೆ ಕರೆಯೇ ಬಂದಿರಲಿಲ್ಲ. ಹಾಡಹಗಲು ಆಕಾಶ ಕಪ್ಪಾಗಿ, ಬಿಸಿ ಬೂದಿ ಹಳ್ಳದ ಗುಂಟ ಇಳಿಯುವಾಗ ಜೋಲಿಯಲ್ಲಿ ಸಪ್ತೊನನ್ನು ಕಟ್ಟಿಕೊಂಡು ಇಳಿಜಾರು ಓಡಿದ ತುಮಿನಾಹ್ ಬಿದ್ದು ಮೂಳೆ ಮುರಿದುಕೊಂಡಳು, ಮುರಿದ ಕಾಲಲ್ಲೇ ಮತ್ತೆ ಓಡಿದಳು.

ಅವಳು ಎಡಮೊಣಕಾಲು ನೀವಿಕೊಂಡು, "ಆವತ್ತು ಹೇಳೋರು ಯಾರೂ ಇರ್ಲಿಲ್ಲ," ಎಂದಳು. "ಹೋಗು."

ಹೋಗು ಎಂದ ಬಾಯಿ ಒಂದು, ಮುಖ ಇನ್ನೊಂದು. ವೆನಿಂಗ್‌ಗೆ ಅದು ಕಾಣದೆ ಇರಲಿಲ್ಲ. ವಾಪಸು ಹೊರಡುವ ಮೊದಲು ಮಗುವಿನ ಎರಡೂ ಅಂಗಾಲಿಗೆ ಮುತ್ತಿಟ್ಟಳು. ಎಂಟು ತಿಂಗಳಲ್ಲಿ ಒಮ್ಮೆಯೂ ಮಣ್ಣು ಸೋಕದ ಆ ಅಂಗಾಲು ಅವಳ ತುಟಿಗಿಂತ ಮೆತ್ತಗಿತ್ತು. ಕಾವಲು ಮನೆ ಮುಟ್ಟಿದವಳೇ ಒಂದು ಹಾಳೆ ತೆಗೆದು ರಾಜೀನಾಮೆ ಬರೆದು ಚೀಲದಲ್ಲಿಟ್ಟಳು. ಅಜ್ಜನನ್ನು ಹೀಗೆ ಅರ್ಧದಲ್ಲಿ ಬಿಟ್ಟು ಹೋಗುವುದು ಅವಳಿಂದಾಗದು. ಬುಧವಾರದ ಪಾಳಿ ಮುಗಿಸಿ, ಪತ್ರ ಕೊಟ್ಟು, ಬೆಟ್ಟ ತಣ್ಣಗಾದ ದಿನ ಇಳಿದು ಹೋಗುವುದು. ಮಗಳು ಮೊದಲ ಸಲ ಭೂಮಿಗೆ ಕಾಲಿಟ್ಟಾಗ ಇಲ್ಲದ ತಾಯಿ ಇನ್ನು ಯಾವ ಭೂಮಿಯ ಕಾವಲು ಕಾದು ಏನು ಪ್ರಯೋಜನ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಬುಧವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಕಿಟಕಿಯ ತುಂಬ ಬೆಟ್ಟ, ನೆತ್ತಿಯಲ್ಲಿ ಬಿಳೀ ಹೊಗೆ. ನಾಲ್ಕು ಉರುಳೆಗಳು ತಿರುಗುತ್ತಿದ್ದವು, ನಾಲ್ಕು ಸೂಜಿಗಳು ಗೆರೆ ಎಳೆಯುತ್ತಿದ್ದವು. ಗೆರೆಯ ಮೇಲೆ ಎದ್ದ ಪ್ರತಿಯೊಂದು ಮುಳ್ಳಿಗೂ ಪೆನ್ಸಿಲಿನಲ್ಲಿ ಸಮಯ ಮತ್ತು ಮೂಲ ಬರೆಯಬೇಕು. ಮೂಲ ಬರೆಯದ ಕಾಗದ ಆ ಮನೆಯಿಂದ ಹೊರಗೆ ಹೋಗಬಾರದು ಎಂಬುದು ಪಾಕ್ ಮರ್ಸುದಿಯವರ ಕಟ್ಟಪ್ಪಣೆ. ಒಂಬತ್ತರ ಹೊತ್ತಿಗೆ ವೆನಿಂಗ್ ನಲವತ್ತೆಂಟು ಬರೆದಿದ್ದಳು. ಒಂಬತ್ತು ಕಾಲು. ಈಗ ಕಡುಬಿನ ಮೇಲೆ ನಡೆಸುತ್ತಿರುತ್ತಾರೆ, ಈಗ ಏಣಿ ಹತ್ತಿಸುತ್ತಿರುತ್ತಾರೆ ಎಂದು ಮನಸ್ಸು ಬೇಡವೆಂದರೂ ಲೆಕ್ಕ ಹಾಕುತ್ತಿತ್ತು. ಬಗ್ಯೊ ತೆಂಪೆಯ ಡಬ್ಬಿಯನ್ನು ಅವಳ ಕಡೆಗೆ ಸರಿಸಿದ. ಅವಳು ಮುಟ್ಟಲಿಲ್ಲ.

ಒಂಬತ್ತೂವರೆ ದಾಟಿತ್ತು. ಮೂರನೇ ಸೂಜಿ ಮಿಸುಕಿತು.

ಒಂದು ಭಾರ, ಒಂದು ಹಗುರ.

ಅವಳು ಸ್ಪೀಕರಿನ ಸದ್ದು ಏರಿಸಿದಳು. ಒಂದು ಭಾರ, ಒಂದು ಹಗುರ, ನಿಧಾನವಾಗಿ, ಏರು ಹತ್ತುವ ಹೆಜ್ಜೆ. ಬು ಯಾಕೆ ಮೇಲೆ ಬಂದರು? ಶಾಸ್ತ್ರ ಅಂಗಳದಲ್ಲಲ್ಲವೇ? ಹಿಂದೆಯೇ ಇನ್ನೂ ಹೆಜ್ಜೆಗಳು, ದೊಡ್ಡವು, ಸಪ್ತೊನ ಬೂಟು ಇರಬೇಕು, ಅಕ್ಕಪಕ್ಕದ ಮನೆಯವರು ಇರಬೇಕು. ಮುಳ್ಳುಗಳು ಹತ್ತಿರ ಹತ್ತಿರ ಬಂದಂತೆ ಎತ್ತರವಾದವು. ಆಮೇಲೆ, ಯಾರೋ ಎಲ್ಲರಿಗೂ ಕೈ ಎತ್ತಿ ತೋರಿಸಿದ ಹಾಗೆ, ಒಟ್ಟಿಗೆ ನಿಂತವು. ಸೂಜಿ ನೇರ ಗೆರೆ ಎಳೆಯಿತು. ಸಿಳ್ಳೆ ಒಂದೇ ಸಮವಾಯಿತು.

ವೆನಿಂಗ್‌ಗೆ ಆಗ ಹೊಳೆಯಿತು. ತಡಿಕೆ ದಾಟಬಾರದೆಂದು ಎಂಟು ತಿಂಗಳು ಮಗುವನ್ನು ಕಾದ ಮುದುಕಿ, ತನ್ನ ಕಟ್ಟಳೆಯನ್ನು ತಾನೇ ಮುರಿದು, ಮುರಿದ ಕಾಲಲ್ಲಿ ಏರು ಹತ್ತಿ, ಮೊಮ್ಮಗಳನ್ನು ಆ ಡಬ್ಬಿಯ ಬಳಿಗೆ ತಂದಿದ್ದಳು. ಆ ಡಬ್ಬಿಗೆ ಕಾಲು ಗೊತ್ತಾಗುತ್ತದೆ ಎಂದು ಅವಳಿಗೆ ತಿಳಿದಿತ್ತು.

ಸೂಜಿ ಒಮ್ಮೆ ನಡುಗಿತು. ಎಷ್ಟು ಸಣ್ಣದೆಂದರೆ, ಶಾಯಿ ಒಂದು ಕ್ಷಣ ದಪ್ಪವಾದಂತೆ ಕಂಡಿತು ಅಷ್ಟೇ.

"ಇದೇನು, ಆಡಾ?" ಎಂದು ಬಗ್ಯೊ ಪೆನ್ಸಿಲು ಎತ್ತಿದ. ಅವಳು ಅವನ ಮಣಿಕಟ್ಟು ಹಿಡಿದಳು.

ಇನ್ನೊಂದು. ತುಸು ಬಿಟ್ಟು ಒಟ್ಟಿಗೆ ಎರಡು. ಲಯವಿಲ್ಲ, ಎಡಬಲವಿಲ್ಲ, ಭೂಮಿಯೆಂದರೇನೆಂದು ಆಗ ತಾನೇ ಕಾಲಲ್ಲಿ ಕೇಳಿನೋಡುವ ಹೆಜ್ಜೆ. ಇಷ್ಟು ದೊಡ್ಡ ಬೆಟ್ಟದ ಮೈಮೇಲೆ ಇಷ್ಟು ಸಣ್ಣ ಪಾದ, ಅದನ್ನೂ ಬೆಟ್ಟ ತನ್ನ ಗೆರೆಯಲ್ಲಿ ಬರೆಯುತ್ತಿತ್ತು. ವೆನಿಂಗಳ ಎದೆಯಲ್ಲಿ ಹಾಲಿಳಿದು ಅಂಗಿ ಒದ್ದೆಯಾಯಿತು. ಆಮೇಲೆ ಸೂಜಿ ಇದ್ದಕ್ಕಿದ್ದಂತೆ ಒಂದು ದಪ್ಪ ಮುಳ್ಳು ಎಳೆದು ಸುಮ್ಮನಾಯಿತು.

"ಕೂತ್ಬಿಟ್ಲು," ಎಂದಳು ವೆನಿಂಗ್.

ಹಿಂದೆ ಪಾಕ್ ಮರ್ಸುದಿ ಬಂದು ನಿಂತದ್ದು ಇಬ್ಬರಿಗೂ ತಿಳಿದಿರಲಿಲ್ಲ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನನಗೆ ಮೂರು ಮಕ್ಕಳು," ಎಂದರು. "ಯಾರು ಯಾವಾಗ ನಡೆದ್ರು ಅಂತ ಗೊತ್ತಿಲ್ಲ. ಇಲ್ಲೇ ಇದ್ದೆ."

ಅವರು ಬಗ್ಯೊನ ಕೈಯಿಂದ ಪೆನ್ಸಿಲು ತೆಗೆದುಕೊಂಡು ಅವಳ ಮುಂದಿಟ್ಟರು. ಅಜ್ಜ ಮಲಗಿದ ಮೇಲೆ ಮನೆ ಪಾಳಿ ಮತ್ತೆ ಶುರುವಾಗಲಿ, ಕೇಂದ್ರ ಕಚೇರಿಗೆ ಈ ಕಾಗದದ ನಕಲಿನ ಜೊತೆ ನಾನೇ ಪತ್ರ ಬರೆಯುತ್ತೇನೆ ಎಂದರು. ಆಮೇಲೆ ಎಂದಿನ ದನಿಗೆ ಬಂದರು.

"ಮೂಲ ಬರಿಯಮ್ಮ."

ಅಲ್ಲಿ ಮನುಷ್ಯರ ಓಡಾಟ ಎಂದು ಬರೆಯುವುದು ಪದ್ಧತಿ. ವೆನಿಂಗ್ ಸಮಯ ಬರೆದಳು, ಠಾಣೆಯ ಸಂಖ್ಯೆ ಬರೆದಳು, ಅದರ ಮುಂದೆ ಕಿನಾಸಿಹ್ ಎಂದು ಬರೆದಳು. ಪಾಕ್ ಮರ್ಸುದಿ ನೋಡಿದರು, ತಿದ್ದಲು ಹೇಳಲಿಲ್ಲ.

ಪೆನ್ಸಿಲು ಕೆಳಗಿಡುವಷ್ಟರಲ್ಲಿ ನಾಲ್ಕೂ ಸೂಜಿಗಳು ಒಟ್ಟಿಗೆ ಎದ್ದವು. ಆಳದಿಂದ ಬಂದ ಉದ್ದನೆಯ ನಡುಕ, ಕಿಟಕಿಯ ಗಾಜು ಸಣ್ಣಗೆ ಗುನುಗಿತು. ಬಗ್ಯೊ ಫೋನಿನ ಕಡೆಗೆ ಓಡಿದ. ವೆನಿಂಗ್ ಮುಂಗೈಯಿಂದ ಕಣ್ಣೊರೆಸಿಕೊಂಡು ಕ್ಷಣ ಎಣಿಸತೊಡಗಿದಳು. ಹನ್ನೆರಡು, ಹದಿಮೂರು, ಹದಿನಾಲ್ಕಕ್ಕೆ ನಿಂತಿತು. ಕೆಳಗಿಳಿಯಿರಿ ಎಂದು ಬಗ್ಯೊ ಫೋನಿನಲ್ಲಿ ಊರಿಗೆ ಹೇಳಿಯಾಗಿತ್ತು. ಮೂರನೇ ಠಾಣೆಯಲ್ಲಿ ಒಂದು ಭಾರ, ಒಂದು ಹಗುರ ಹೆಜ್ಜೆ ಅವಸರದಲ್ಲಿ ಇಳಿದು ದೂರವಾಗುವುದನ್ನು ಅವಳು ಕೊನೆಯ ಮುಳ್ಳಿನವರೆಗೂ ನೋಡಿದಳು. ಚೀಲದಲ್ಲಿದ್ದ ರಾಜೀನಾಮೆ ಪತ್ರ ನೆನಪಾದದ್ದು ವಾರವಾದ ಮೇಲೆ, ಅಜ್ಜ ಮತ್ತೆ ಮಲಗಿ, ಅವಳು ಮನೆಗೆ ಹೊರಟಾಗ.

ಆ ಬುಧವಾರದ ಕಾಗದ ಈಗಲೂ ಕಾವಲು ಮನೆಯ ಬೀರುವಿನಲ್ಲಿದೆ. ಮಗುವಿನ ನಾಲ್ಕು ಚುಕ್ಕೆ, ಒಂದು ದಪ್ಪ ಮುಳ್ಳು, ಅಲ್ಲಿಂದ ಎರಡು ಬೆರಳು ಬಿಟ್ಟು ಬೆಟ್ಟದ ಹದಿನಾಲ್ಕು ಕ್ಷಣದ ನಡುಕ, ಎಲ್ಲವೂ ಒಂದೇ ಗೆರೆಯ ಮೇಲೆ. ಎರಡಕ್ಕೂ ಮೂಲ ಬರೆದ ಅಕ್ಷರ ಅವಳದೇ.